ದುಡಿಮೆಯ ವರ್ಷಗಳಿಗೆ ಬೆಲೆ ಕಟ್ಟಿದ ಜಮ್‌ಶೆಟ್‌ಜಿ

ಕೆಲಸಕ್ಕೆ ಬಾರದವನಿಗೆ ದಂಡ ಹಾಕುವುದು 19ನೇ ಶತಮಾನದ ಬಟ್ಟೆ ಗಿರಣಿಗಳ ರೂಢಿಯಾಗಿತ್ತು. ಬಿಟ್ಟುಹೋಗದೆ ಉಳಿದವನಿಗೆ ಏನು ಕೊಡಬೇಕು ಎಂದು ಯೋಚಿಸಿದ ಮಾಲೀಕರು ವಿರಳ. ಜಮ್‌ಶೆಟ್‌ಜಿ ನಸರ್‌ವಾನ್‌ಜಿ ಟಾಟಾ ಅಂಥವರಲ್ಲಿ ಒಬ್ಬರು. ಭಾರತೀಯ ವಿಜ್ಞಾನ ಸಂಸ್ಥೆಯನ್ನು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಬೆಂಗಳೂರಿನ ಹಳಬರಿಗೆ ಅವರು ಪರಿಚಿತರೇ. ಆದರೆ ಅವರ ಬದುಕಿನ ಈ ಮಗ್ಗುಲು ನಾಗಪುರಕ್ಕೆ ಸೇರಿದ್ದು.

ಗುಜರಾತಿನ ನವಸಾರಿಯಲ್ಲಿ 1839ರ ಮಾರ್ಚ್ 3ರಂದು ಪಾರ್ಸಿ ಪುರೋಹಿತರ ಮನೆತನದಲ್ಲಿ ಜನಿಸಿದ ಅವರು ಬೊಂಬಾಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿ, ತಂದೆಯ ವ್ಯಾಪಾರಕ್ಕೆ ಇಳಿದರು. 1868ರಲ್ಲಿ 21 ಸಾವಿರ ರೂಪಾಯಿ ಬಂಡವಾಳದೊಡನೆ ಸ್ವಂತ ವ್ಯವಹಾರ ತೆರೆದರು. ಗಿರಣಿ ಕಟ್ಟಲು ಎಲ್ಲರಂತೆ ಬೊಂಬಾಯಿಯನ್ನು ಆರಿಸದೆ, ಹತ್ತಿ ಬೆಳೆಯುವ ಸೀಮೆಗೆ ಸಮೀಪದ ನಾಗಪುರವನ್ನು ಆರಿಸಿದರು. ಜೌಗು ನೆಲದಲ್ಲಿ ಹಣ ಸುರಿಯುವ ಹುಚ್ಚೆಂದು ಹಲವರು ನಕ್ಕರು. 1877ರ ಜನವರಿ 1ರಂದು, ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿಯೆಂದು ಘೋಷಿಸಿದ ದಿನವೇ, ಎಂಪ್ರೆಸ್ ಗಿರಣಿ ಆರಂಭವಾಯಿತು.

ಆರಂಭ ಸುಗಮವಾಗಿರಲಿಲ್ಲ. ಕೂಲಿ ದರದ ವಿಷಯದಲ್ಲಿ ಅದೇ ವರ್ಷ ಕಾರ್ಮಿಕರು ಮುಷ್ಕರ ಹೂಡಿದರು. ದೇಶದ ಕಾರ್ಮಿಕ ಚರಿತ್ರೆಯ ಮೊದಲ ಮುಷ್ಕರಗಳ ಸಾಲಿನಲ್ಲಿ ಅದಕ್ಕೆ ಸ್ಥಾನವಿದೆ. ಗೈರುಹಾಜರಿಯೂ ವಿಪರೀತವಾಗಿತ್ತು. ಇದನ್ನು ಸೋಮಾರಿತನವೆಂದು ತಳ್ಳಿಹಾಕುವುದು ಸುಲಭ. ಆದರೆ ಸಂಬಳದ ರಜೆಯಾಗಲಿ ನಿವೃತ್ತಿ ವೇತನವಾಗಲಿ ಇಲ್ಲದ ಕಾಲದಲ್ಲಿ, ಹಳ್ಳಿಯಲ್ಲಿ ಬೇರು ಉಳಿಸಿಕೊಂಡಿದ್ದ ಆಳಿಗೆ ಗಿರಣಿಯನ್ನೇ ನೆಚ್ಚಿಕೊಳ್ಳಲು ಕಾರಣವೇನಿತ್ತು?

ಜಮ್‌ಶೆಟ್‌ಜಿ ಮತ್ತು ರೈಲ್ವೆಯಿಂದ ಬಂದ ವ್ಯವಸ್ಥಾಪಕ ಬೆಜೊನ್‌ಜಿ ದಾದಾಭಾಯಿ ಮೆಹ್ತಾ ಆ ಕಾರಣವನ್ನು ಒಂದೊಂದಾಗಿ ಒದಗಿಸುತ್ತ ಹೋದರು. ಗಾಳಿ ಬೆಳಕಿಗೆ ಅನುಕೂಲ ಮಾಡಿ, ಸೆಕೆ ಧೂಳಿನ ಕಷ್ಟ ತಗ್ಗಿಸಿದರು. ಚೆನ್ನಾಗಿ ದುಡಿದವರಿಗೆ ಬಹುಮಾನ ಹಂಚಿದರು. 1886ರಲ್ಲಿ ಪಿಂಚಣಿ ನಿಧಿ ಬಂತು, 1895ರಲ್ಲಿ ಅಪಘಾತ ಪರಿಹಾರ, 1901ರಲ್ಲಿ ಭವಿಷ್ಯನಿಧಿ. ಕಾನೂನು ಇವುಗಳಲ್ಲಿ ಒಂದನ್ನೂ ಆಗ ಕಡ್ಡಾಯ ಮಾಡಿರಲಿಲ್ಲ. ವಯಸ್ಕ ಗಂಡಾಳುಗಳಿಗೆ ವಾರದ ರಜೆಯಾದರೂ ಕಾಯ್ದೆಯ ಮೂಲಕ ಸಿಕ್ಕಿದ್ದು 1891ರಲ್ಲಿ.

ಇದನ್ನು ಬರಿಯ ಔದಾರ್ಯವೆಂದು ಬಣ್ಣಿಸುವುದು ಸರಿಯಲ್ಲ. ಪಳಗಿದ ಕೈ ಬಿಟ್ಟುಹೋದರೆ ನಷ್ಟ ಯಾರಿಗೆಂಬುದು ವ್ಯಾಪಾರಿಯಾದ ಅವರಿಗೆ ತಿಳಿದಿತ್ತು. ಕೊಡುವುದೂ ಬಿಡುವುದೂ ಮಾಲೀಕರ ಇಚ್ಛೆಯೇ ಆಗಿತ್ತು, ಕಾರ್ಮಿಕರ ಹಕ್ಕಾಗಿರಲಿಲ್ಲ. ಕೆಲಸದ ದಿನವೂ ದೀರ್ಘವಾಗಿಯೇ ಇತ್ತು.

ಉಕ್ಕಿನ ಕಾರ್ಖಾನೆಯ ಕನಸು ಕೈಗೂಡುವ ಮೊದಲೇ, 1904ರ ಮೇ 19ರಂದು, ಜರ್ಮನಿಯ ಬಾಡ್ ನೌಹೈಮ್‌ನಲ್ಲಿ ಜಮ್‌ಶೆಟ್‌ಜಿ ನಿಧನರಾದರು. ಅವರ ಮಗ ದೊರಾಬ್‌ಜಿ ಮುನ್ನಡೆಸಿದ ಟಾಟಾ ಉಕ್ಕಿನ ಕಂಪನಿ 1912ರಲ್ಲಿ ಎಂಟು ಗಂಟೆಯ ದಿನವನ್ನು ಜಾರಿಗೆ ತಂದಿತು. 1920ರಲ್ಲಿ ಸಂಬಳಸಹಿತ ರಜೆ ನೀಡಿತು. ದೇಶದ ಕಾರ್ಖಾನೆ ಕಾನೂನು ಅಂಥ ರಜೆಯನ್ನು ಒಪ್ಪಿಕೊಳ್ಳಲು 1945ರ ತಿದ್ದುಪಡಿಯವರೆಗೆ ಕಾಯಬೇಕಾಯಿತು.

1948ರ ಕಾರ್ಖಾನೆ ಕಾಯ್ದೆ ವಯಸ್ಕರಿಗೆ ದುಡಿದ ಪ್ರತಿ 20 ದಿನಕ್ಕೆ ಒಂದು ದಿನದ ರಜೆ ಗೊತ್ತುಪಡಿಸಿತು. ಎಣಿಕೆಗೆ ಬಂದದ್ದು ವರ್ಷದ ಹಾಜರಿ ಮಾತ್ರ. ಒಂದೇ ವರ್ಷ ಪೂರೈಸಿದ ಹುಡುಗನಿಗೂ 30 ವರ್ಷ ಸವೆಸಿದ ಮುದುಕನಿಗೂ ಒಂದೇ ಲೆಕ್ಕ. ಸೇವೆಯ ವರ್ಷಗಳು ಲೆಕ್ಕಕ್ಕೆ ಬಂದದ್ದು 1972ರ ಉಪದಾನ ಕಾಯ್ದೆಯಲ್ಲಿ, ಅದೂ ರಜೆಯಾಗಿ ಅಲ್ಲ, ಕೆಲಸ ಬಿಡುವಾಗ ಕೈಗೆ ಬರುವ ಗ್ರಾಚ್ಯುಟಿ ಹಣವಾಗಿ.