ಒಂದೇ ಪಾದದ ಈಜುಗಾರ ಕಲಿಸಿದ ಲೆಕ್ಕ

ಒಲಿಂಪಿಕ್ಸ್‌ನಲ್ಲಿ ಎರಡು ಚಿನ್ನ, ಒಂದು ಬೆಳ್ಳಿ. ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ 1500 ಮೀಟರ್ ಈಜಿನ ಚಿನ್ನ. ಇಷ್ಟೆಲ್ಲ ಗೆದ್ದ ಆಟಗಾರನಿಗೆ ಎಡ ಮೊಣಕಾಲಿನ ಕೆಳಗೆ ಕಾಲೇ ಇರಲಿಲ್ಲ. ಅವನ ಕಾಲದಲ್ಲಿ ಪ್ಯಾರಾಲಿಂಪಿಕ್ಸ್ ಇನ್ನೂ ಹುಟ್ಟಿರಲಿಲ್ಲ. ಅವನ ಪಕ್ಕದ ಲೇನ್‌ಗಳಲ್ಲಿ ಇದ್ದವರೆಲ್ಲ ಎರಡು ಕಾಲಿನವರು. ಹೆಸರು ಒಲಿವೇರ್ ಹಲಾಶಿ. ದೇಶ ಹಂಗೆರಿ.

ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಿರುವ ಇಪ್ಪತ್ತರ ಹುಡುಗ. ಹಲಾಶಿಯಂಥವರ ಬದುಕನ್ನು ನಮ್ಮಂಥ ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ಹೇಳುವ ಬಗೆ ಒಂದೇ: ಛಲವಿದ್ದರೆ ಸಾಕು, ಉಳಿದದ್ದೆಲ್ಲ ನೆಪ. ಆದರೆ ಫ್ಲೂಯಿಡ್ ಮೆಕ್ಯಾನಿಕ್ಸ್ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು ಅವನ ಕತೆ ಓದಿದಾಗ ನನಗೆ ಕಂಡದ್ದು ಬೇರೆ. ಅಲ್ಲಿ ಛಲ ಇತ್ತು, ಜೊತೆಗೆ ಲೆಕ್ಕವೂ ಇತ್ತು. ಆ ಲೆಕ್ಕವನ್ನು ಬಿಟ್ಟು ಕತೆ ಹೇಳಿದರೆ ಹಲಾಶಿಗೂ ಅನ್ಯಾಯ, ಇಂದಿನ ಅಂಗವಿಕಲ ಗೆಳೆಯರಿಗೂ ಅನ್ಯಾಯ.

ಹಲಾಶಿ ಹುಟ್ಟಿದ್ದು 1909ರ ಜುಲೈ 31ರಂದು, ಬುಡಾಪೆಸ್ಟ್‌ಗೆ ಅಂಟಿಕೊಂಡಿದ್ದ ಊಯ್‌ಪೆಷ್ಟ್ ಎಂಬ ಪಟ್ಟಣದಲ್ಲಿ. ಬಾಲ್ಯದಲ್ಲೇ ಟ್ರಾಮ್ ಅಪಘಾತಕ್ಕೆ ಸಿಕ್ಕಿ ಎಡಗಾಲನ್ನು ಮೊಣಕಾಲಿನ ಕೆಳಗೆ ಕಳೆದುಕೊಂಡ. ಓಡುವುದು, ಜಿಗಿಯುವುದು, ಫುಟ್‌ಬಾಲ್ ಒದೆಯುವುದು ಆ ಹುಡುಗನಿಗೆ ದೂರವಾದವು. ನೀರು ದೂರವಾಗಲಿಲ್ಲ. ಊರಿನ ಕ್ರೀಡಾ ಕ್ಲಬ್ ಸೇರಿ ಈಜುಗಾರನಾದ, ವಾಟರ್ ಪೋಲೊ ಆಟಗಾರನಾದ.

ಹಳ್ಳಿಯ ಬಾವಿಯಲ್ಲಿ ಬೆನ್ನಿಗೆ ಬೆಂಡು ಕಟ್ಟಿಕೊಂಡು ಈಜು ಕಲಿತವರಿಗೆ ಒಂದು ವಿಷಯ ಗೊತ್ತಿರುತ್ತದೆ. ಮೊದಲ ದಿನ ಮುಳುಗುವುದು ತಲೆಯಲ್ಲ, ಕಾಲು. ಎದೆಯ ಗೂಡಿನಲ್ಲಿ ಗಾಳಿ ತುಂಬಿದ ಶ್ವಾಸಕೋಶ ಇರುವುದರಿಂದ ನೀರು ನಮ್ಮನ್ನು ಮೇಲಕ್ಕೆ ಎತ್ತುವ ಬಲದ ಕೇಂದ್ರ ಎದೆಯ ಕಡೆಗಿದೆ. ದೇಹದ ಗುರುತ್ವ ಕೇಂದ್ರ ಅದಕ್ಕಿಂತ ತುಸು ಕೆಳಗೆ, ಸೊಂಟದ ಕಡೆಗಿದೆ. ಒಂದು ಬಲ ಮೇಲಕ್ಕೆ, ಇನ್ನೊಂದು ಕೆಳಕ್ಕೆ, ನಡುವೆ ಅಂತರ. ಹಾಗಾಗಿ ದೇಹ ತಕ್ಕಡಿಯಂತೆ ತಿರುಗಿ ಕಾಲು ಕೆಳಗಿಳಿಯುತ್ತದೆ. ಕಾಲು ಇಳಿದರೆ ದೇಹ ನೀರಿಗೆ ಹೆಚ್ಚು ಅಡ್ಡವಾಗಿ ನಿಲ್ಲುತ್ತದೆ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಅದಕ್ಕೆ ಅಡ್ಡ ನಿಂತವನನ್ನು ಅದು ಸುಮ್ಮನೆ ಬಿಡುವುದಿಲ್ಲ.

ಫ್ರೀಸ್ಟೈಲ್ ಈಜಿನಲ್ಲಿ ಮುಂದಕ್ಕೆ ನೂಕುವ ಬಲದ ಬಹುಪಾಲು ಬರುವುದು ಕೈಗಳಿಂದ. ಕಾಲಿನ ಮುಖ್ಯ ಕೆಲಸ ಎರಡು: ದೇಹವನ್ನು ನೀರಿನ ಮಟ್ಟಕ್ಕೆ ಅಡ್ಡಡ್ಡ ಎತ್ತಿ ಹಿಡಿಯುವುದು, ಮತ್ತು ಕೈ ಬೀಸಿದಾಗ ಸೊಂಟ ಆಚೀಚೆ ಹೊರಳದಂತೆ ಸಮತೋಲನ ಕೊಡುವುದು. ಮೊಣಕಾಲಿನ ಕೆಳಗಿನ ಭಾಗ ಇಲ್ಲದಾಗ ಈ ಎರಡನೆಯ ಕೆಲಸಕ್ಕೆ ದೊಡ್ಡ ಪೆಟ್ಟು ಬೀಳುತ್ತದೆ. ನೀರನ್ನು ಒದೆಯುವ ಚಪ್ಪಟೆ ಹಲಗೆಯೇ ಪಾದ. ಅದು ಒಂದು ಬದಿಯಲ್ಲಿ ಇಲ್ಲ ಎಂದರೆ ಬಲಗಾಲಿನ ಒದೆತಕ್ಕೆ ಎಡದಿಂದ ಉತ್ತರವಿಲ್ಲ. ಪ್ರತಿ ಸುತ್ತಿನಲ್ಲೂ ಸೊಂಟ ಒಂದು ಕಡೆಗೆ ಎಳೆಯುತ್ತದೆ. ಅದನ್ನು ಹೊಟ್ಟೆಯ ಸ್ನಾಯು, ಭುಜದ ಹೊರಳು ಮತ್ತು ಉಳಿದ ಕಾಲಿನ ಲಯದಿಂದ ಸರಿದೂಗಿಸಬೇಕು. ಹೊರಗಿನಿಂದ ನೋಡುವವರಿಗೆ ಈ ದುಡಿಮೆ ಕಾಣುವುದೇ ಇಲ್ಲ.

ಲೆಕ್ಕದ ಇನ್ನೊಂದು ಮುಖವೂ ಇದೆ. ನೀರಿನ ಎಳೆತ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಇಮ್ಮಡಿಯಾದರೆ ಎಳೆತ ನಾಲ್ಕು ಪಟ್ಟು, ಬೇಕಾಗುವ ಶಕ್ತಿ ಎಂಟು ಪಟ್ಟು. ತೊಡೆಯ ಸ್ನಾಯುಗಳು ದೇಹದಲ್ಲೇ ದೊಡ್ಡವು, ಆಮ್ಲಜನಕವನ್ನು ಬಕಾಸುರನಂತೆ ತಿನ್ನುತ್ತವೆ. ಅದಕ್ಕಾಗಿಯೇ ದೂರದ ಈಜುಗಾರರು ಜೋರಾಗಿ ಒದೆಯುವುದಿಲ್ಲ. ಎರಡು ಕೈ ಬೀಸಿಗೆ ಎರಡೇ ಒದೆತ ಹಾಕಿ ಕಾಲನ್ನು ಉಳಿಸಿಕೊಳ್ಳುತ್ತಾರೆ. 100 ಮೀಟರ್‌ನಲ್ಲಿ ಒಂದು ಪಾದ ಇಲ್ಲದಿರುವುದು ದೊಡ್ಡ ನಷ್ಟ. 1500 ಮೀಟರ್‌ನಲ್ಲಿ ಎಲ್ಲರೂ ಕಾಲನ್ನು ಕಡಿಮೆ ಬಳಸುವುದರಿಂದ ಆ ನಷ್ಟ ಕಿರಿದಾಗುತ್ತದೆ. ಹಲಾಶಿಯ ದೊಡ್ಡ ಗೆಲುವು ಬಂದದ್ದು ಆ ದೂರದಲ್ಲೇ.

1931ರ ಆಗಸ್ಟ್. ಪ್ಯಾರಿಸ್‌ನ ಟೂರೆಲ್ ಈಜುಕೊಳದಲ್ಲಿ ಯುರೋಪಿಯನ್ ಚಾಂಪಿಯನ್‌ಷಿಪ್. ಹಲಾಶಿಗೆ ಆಗ 22 ವರ್ಷ. 50 ಮೀಟರ್ ಕೊಳದಲ್ಲಿ 1500 ಮೀಟರ್ ಎಂದರೆ 30 ಉದ್ದ, 29 ತಿರುವು. ಪ್ರತಿ ತಿರುವಿನಲ್ಲೂ ಉಳಿದವರು ಎರಡು ಪಾದಗಳಿಂದ ಗೋಡೆಯನ್ನು ಒದ್ದು ಚಿಮ್ಮುತ್ತಾರೆ. ಇವನಿಗೆ ಒಂದೇ ಪಾದ. ಅಂದರೆ ಪ್ರತಿ ಗೋಡೆಯಲ್ಲೂ ಸ್ವಲ್ಪ ಸ್ವಲ್ಪ ಸೋಲುತ್ತ, ಆ ಸಾಲವನ್ನು ನಡುವಿನ ನೀರಿನಲ್ಲಿ ಕೈಗಳಿಂದ ತೀರಿಸಬೇಕು. ಹಾಗೆ 29 ಸಲ. ಅಂಥ ಸ್ಪರ್ಧೆಯನ್ನು ಅವನು ಗೆದ್ದ. ಅದೇ ಕೂಟದಲ್ಲಿ ಹಂಗೆರಿಯ ವಾಟರ್ ಪೋಲೊ ತಂಡವೂ ಚಿನ್ನ ಗೆದ್ದಿತು, ಆ ತಂಡದಲ್ಲೂ ಅವನಿದ್ದ.

ಅವನ ಮುಖ್ಯ ಆಟ ವಾಟರ್ ಪೋಲೊ. ಇಲ್ಲಿ ಯಾವ ಲೆಕ್ಕವೂ ಅವನ ಪರವಾಗಿಲ್ಲ. ಆಟಗಾರ ನೆಲ ಮುಟ್ಟುವಂತಿಲ್ಲ. ಚೆಂಡು ಎಸೆಯಲು ಎದೆಯ ಮಟ್ಟಕ್ಕೆ ನೀರಿನಿಂದ ಮೇಲೇಳಬೇಕು, ಅದಕ್ಕೆ ಬಲ ಕೊಡುವುದು ಮೊಣಕಾಲಿನ ಕೆಳಗಿನ ಕಾಲು ಮತ್ತು ಪಾದ. ಮೇಲಾಗಿ ಎದುರಾಳಿ ಹಿಡಿದೆಳೆಯುತ್ತಿರುತ್ತಾನೆ. ಇಂಥ ಆಟದಲ್ಲಿ 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ಗೆ ಹೋದಾಗ ಅವನಿಗೆ ಆಗಷ್ಟೇ 19 ತುಂಬಿತ್ತು, ನನಗಿಂತ ಒಂದು ವರ್ಷ ಚಿಕ್ಕವ. ಫೈನಲ್‌ನಲ್ಲಿ ಜರ್ಮನಿ 5-2ರಿಂದ ಗೆದ್ದಿತು, ಹಂಗೆರಿಗೆ ಬೆಳ್ಳಿ. ನಾಲ್ಕು ವರ್ಷಗಳ ಬಳಿಕ ಲಾಸ್ ಏಂಜಲೀಸ್‌ನಲ್ಲಿ ಅದೇ ಜರ್ಮನಿಯನ್ನು 6-2ರಿಂದ ಮಣಿಸಿ ಚಿನ್ನ. 1936ರ ಬರ್ಲಿನ್‌ನಲ್ಲಿ ಜರ್ಮನಿಯ ಜೊತೆ 2-2 ಸಮ, ಗೋಲುಗಳ ಲೆಕ್ಕದಲ್ಲಿ ಮತ್ತೆ ಚಿನ್ನ. ಹಿಟ್ಲರನ ಆಡಳಿತ ಅಂಗವಿಕಲರ ಬದುಕನ್ನೇ ಹೊರೆ ಎಂದು ಸಾರುತ್ತಿದ್ದ ದೇಶದ ರಾಜಧಾನಿಯಲ್ಲಿ, ಒಂದು ಕಾಲಿಲ್ಲದ ಆಟಗಾರ ಚಿನ್ನ ಪಡೆದ. 1934 ಮತ್ತು 1938ರಲ್ಲೂ ಯುರೋಪಿಯನ್ ಚಾಂಪಿಯನ್ ತಂಡದಲ್ಲಿ ಅವನಿದ್ದ.

ಇದರಲ್ಲಿ ತಂಡದ ಪಾಲೂ ದೊಡ್ಡದು. ಆ ಕಾಲದ ಹಂಗೆರಿಯ ವಾಟರ್ ಪೋಲೊವನ್ನು ಕಟ್ಟಿದವರು ಬೇಲಾ ಕೊಮ್ಯಾದಿ ಎಂಬ ತರಬೇತುದಾರ. ಕಾಲಿಲ್ಲದ ಹುಡುಗ ಬಂದಾಗ ಬಾಗಿಲು ಹಾಕದೆ, ಅವನು ನೀರಿನಲ್ಲಿ ಏನು ಮಾಡಬಲ್ಲ ಎಂದು ನೋಡಿದ ಒಂದು ಕ್ರೀಡಾ ವ್ಯವಸ್ಥೆ ಅಲ್ಲಿತ್ತು. ಹಲಾಶಿಯ ಛಲಕ್ಕೆ ಒಂದು ಕೊಳ, ಒಂದು ಕ್ಲಬ್, ಒಂದು ತಂಡ ಸಿಕ್ಕವು.

ಇದನ್ನು ಒತ್ತಿ ಹೇಳಲು ಕಾರಣವಿದೆ. ನಮ್ಮ ತರಗತಿಯಲ್ಲಿ ಒಬ್ಬ ಗೆಳೆಯನಿದ್ದಾನೆ. ಚಿಕ್ಕಂದಿನ ಕಾಯಿಲೆಯಿಂದ ಅವನ ಬಲಗಾಲು ಸೊರಗಿದೆ, ಕ್ಯಾಲಿಪರ್ ಹಾಕಿಕೊಂಡು ನಡೆಯುತ್ತಾನೆ. ಡಿಸೈನ್ ಸಾಫ್ಟ್‌ವೇರ್‌ನಲ್ಲಿ ನಮ್ಮೆಲ್ಲರಿಗಿಂತ ಚುರುಕು. ಈಚೆಗೆ ಒಂದು ಕಂಪನಿಯಲ್ಲಿ ಇಂಟರ್ನ್‌ಷಿಪ್ ಸಂದರ್ಶನಕ್ಕೆ ಹೋಗಿದ್ದ. ಅರ್ಜಿ ಹಾಕಿದ್ದು ಡಿಸೈನ್ ವಿಭಾಗಕ್ಕೆ. ಕೇಳಿದ್ದು ದಿನಕ್ಕೆ ಎಂಟು ಗಂಟೆ ನಿಲ್ಲಲು ಆಗುತ್ತದೆಯೇ, ಮೆಟ್ಟಿಲು ಹತ್ತುತ್ತೀಯಾ ಎಂದು. ಡಿಸೈನ್ ಬಗ್ಗೆ ಒಂದು ಪ್ರಶ್ನೆಯೂ ಬರಲಿಲ್ಲ. ಹೊರಗೆ ಬಂದವನಿಗೆ ಸಮಾಧಾನ ಹೇಳಿದವರೆಲ್ಲ ಮನಸ್ಸಿದ್ದರೆ ಮಾರ್ಗ ಎಂಬ ಗಾದೆಯನ್ನೇ ಹೇಳಿದರು. ಮನಸ್ಸು ಅವನಲ್ಲಿ ಬೇಕಾದಷ್ಟಿದೆ. ಮಾರ್ಗದಲ್ಲಿ ರ‍್ಯಾಂಪ್ ಇಲ್ಲ, ಅಷ್ಟೇ.

ಹಲಾಶಿಯ ಕತೆಯನ್ನು ಇಂಥವರ ಮುಂದೆ ಕೋಲಿನಂತೆ ಬೀಸಬಾರದು. ಅವನಿಗೆ ಆದದ್ದು ನಿನಗೇಕೆ ಆಗದು ಎಂದು ಕೇಳುವವರು ಮರೆಯುವ ಸಂಗತಿಯೆಂದರೆ, ದೇಹಗಳು ಬೇರೆ, ನಷ್ಟಗಳು ಬೇರೆ, ಕೆಲಸಗಳು ಬೇರೆ. ಈ ಸರಳ ಸತ್ಯವನ್ನು ಒಪ್ಪಿಕೊಂಡ ಮೇಲೆಯೇ ಪ್ಯಾರಾ ಕ್ರೀಡೆ ಬೆಳೆದದ್ದು. 1948ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ವೈದ್ಯ ಲುಡ್ವಿಗ್ ಗಟ್‌ಮನ್ ಬೆನ್ನುಹುರಿಗೆ ಪೆಟ್ಟಾದವರಿಗಾಗಿ ಆಟಗಳನ್ನು ಶುರುಮಾಡಿದರು. 1960ರಲ್ಲಿ ರೋಮ್‌ನಲ್ಲಿ ಮೊದಲ ಪ್ಯಾರಾಲಿಂಪಿಕ್ಸ್ ನಡೆಯಿತು. ಹಲಾಶಿಯಂತೆ ಕೈಕಾಲು ಕಳೆದುಕೊಂಡವರಿಗೆ ಅಲ್ಲಿ ಪ್ರವೇಶ ಸಿಕ್ಕಿದ್ದು 1976ರ ಟೊರಾಂಟೊ ಕೂಟದಲ್ಲಿ. ಈಗ ಪ್ಯಾರಾ ಈಜಿನಲ್ಲಿ ದೈಹಿಕ ನ್ಯೂನತೆಯುಳ್ಳವರಿಗೆ ಫ್ರೀಸ್ಟೈಲ್‌ನಲ್ಲಿ ಎಸ್1ರಿಂದ ಎಸ್10ರವರೆಗೆ ಹತ್ತು ವರ್ಗಗಳಿವೆ. ಸ್ನಾಯುಬಲ, ಕೀಲುಗಳ ಚಲನೆ ಎಲ್ಲವನ್ನೂ ಪರೀಕ್ಷಿಸಿ, ನೀರಿನಲ್ಲಿ ಈಜಿಸಿ ನೋಡಿ ವರ್ಗ ನಿರ್ಧರಿಸುತ್ತಾರೆ. ಕೃತಕ ಕಾಲು ಹಾಕಿಕೊಂಡು ಸ್ಪರ್ಧಿಸುವಂತಿಲ್ಲ. ಅಂಕಣವನ್ನು ಸಮ ಮಾಡಿದ ಮೇಲೆ ಉಳಿಯುವ ವ್ಯತ್ಯಾಸ ಅಭ್ಯಾಸದ್ದು, ಕೌಶಲದ್ದು. ನಮ್ಮ ಬೆಂಗಳೂರಿನ ಶರತ್ ಗಾಯಕ್ವಾಡ್ 2014ರ ಇಂಚಾನ್ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ ಆರು ಪದಕ ಗೆದ್ದದ್ದು ಇಂಥ ವ್ಯವಸ್ಥೆಯಲ್ಲಿ.

ಉದ್ಯೋಗದಲ್ಲೂ ಹೀಗೆಯೇ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸರ್ಕಾರಿ ಹುದ್ದೆಗಳಲ್ಲಿ ಕನಿಷ್ಠ ಶೇ 4ರಷ್ಟು, ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ 5ರಷ್ಟು ಮೀಸಲಾತಿ ಕೊಡುತ್ತದೆ. ಇದನ್ನು ದಯೆ ಎಂದು ನೋಡುವ ಸಹಪಾಠಿಗಳು ಈಗಲೂ ಇದ್ದಾರೆ. ಒಂದೇ ಪಾದದಿಂದ ಗೋಡೆ ಒದೆಯುವವನ 29 ತಿರುವುಗಳನ್ನು ಅವರು ಒಮ್ಮೆ ಎಣಿಸಿ ನೋಡಲಿ.

ಹಲಾಶಿಯ ಬದುಕು ಉದ್ದವಾಗಲಿಲ್ಲ. ಎರಡನೇ ಮಹಾಯುದ್ಧವನ್ನು ದಾಟಿ ಬದುಕುಳಿದವನು, 1946ರ ಸೆಪ್ಟೆಂಬರ್ 10ರಂದು ಬುಡಾಪೆಸ್ಟ್‌ನಲ್ಲಿ ದರೋಡೆಯೊಂದರಲ್ಲಿ ಸೋವಿಯತ್ ಸೈನಿಕನ ಕೈಯಲ್ಲಿ ಹತನಾದ. ಆಗ ಅವನಿಗೆ 37 ವರ್ಷ. 1978ರಲ್ಲಿ ಅಂತರರಾಷ್ಟ್ರೀಯ ಈಜು ಹಾಲ್ ಆಫ್ ಫೇಮ್ ಅವನ ಹೆಸರನ್ನು ಸೇರಿಸಿಕೊಂಡಿತು.

ನಾಳೆ ನಮ್ಮಲ್ಲಿ ಕೆಲವರು ಕಟ್ಟಡ ಕಟ್ಟುತ್ತೇವೆ, ಕೆಲವರು ಯಂತ್ರ ವಿನ್ಯಾಸ ಮಾಡುತ್ತೇವೆ, ಕೆಲವರು ಸಂದರ್ಶನದ ಮೇಜಿನ ಆಚೆ ಕೂರುತ್ತೇವೆ. ಆಗ ಎದುರಿಗೆ ಬಂದವರಲ್ಲಿ ಏನಿಲ್ಲ ಎಂದು ಎಣಿಸುವ ಮೊದಲು, ಈ ಕೆಲಸಕ್ಕೆ ನಿಜವಾಗಿ ಏನು ಬೇಕು ಎಂಬ ಲೆಕ್ಕ ಹಾಕೋಣ. ಅದು ಕಷ್ಟದ ಲೆಕ್ಕವೇನಲ್ಲ. ಹಲಾಶಿಯ ಊರಿನವರು ನೂರು ವರ್ಷದ ಹಿಂದೆಯೇ ಮಾಡಿದ್ದರು.