ಹರ್ಮನ್ ಮೋಗ್ಲಿಂಗ್

ಗ್ರಂಥವನ್ನು ರಚಿಸುವುದು ಹೇಗೆ ದೊಡ್ಡ ಕಾರ್ಯವೋ, ರಚಿತವಾದುದನ್ನು ನಾಶವಾಗದಂತೆ ಕಾಯುವುದೂ ಹಾಗೆಯೇ ದೊಡ್ಡ ಕಾರ್ಯ. ಕನ್ನಡಕ್ಕಾಗಿ ಇಂತಹ ಸೇವೆಯನ್ನು ಸಲ್ಲಿಸಿದವರಲ್ಲಿ ಹರ್ಮನ್ ಮೋಗ್ಲಿಂಗರು ಪ್ರಮುಖರು.

ಮೋಗ್ಲಿಂಗರು 1811ರಲ್ಲಿ ಜರ್ಮನಿಯ ಬ್ರಾಕೆನ್‌ಹೈಮ್ ಎಂಬ ಊರಿನಲ್ಲಿ ಜನಿಸಿದರು. ಬಾಸೆಲ್ ಮಿಶನ್ನಿನ ಪಾದ್ರಿಯಾಗಿ 1836ರಲ್ಲಿ ಮಂಗಳೂರಿಗೆ ಬಂದರು. ಅವರು ಬಂದುದು ಕ್ರೈಸ್ತಧರ್ಮವನ್ನು ಸಾರಲೆಂದು. ಆದರೆ ಜನರ ನುಡಿಯನ್ನೂ ಬಾಳನ್ನೂ ಅರಿಯದೆ ಅವರೊಡನೆ ಮಾತನಾಡುವುದೆಂತು? ಆದುದರಿಂದ ಕನ್ನಡವನ್ನು ಶ್ರದ್ಧೆಯಿಂದ ಕಲಿತರು. 1843ರ ಜುಲೈ 1ರಂದು ಕನ್ನಡದ ಮೊದಲ ವೃತ್ತಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರತಂದರು.

ಆಗ ನಮ್ಮ ಕಾವ್ಯಗಳು ಬಹುಮಟ್ಟಿಗೆ ಓಲೆಗರಿಗಳಲ್ಲಿಯೇ ಇದ್ದವು. ಗರಿಯನ್ನು ಹುಳು ತಿಂದರೆ ಕಾವ್ಯವೂ ಅಳಿಯುತ್ತಿತ್ತು. ನಿವೃತ್ತ ನ್ಯಾಯಾಧೀಶರಾದ ಕಾಸಾಮೇಜರರ ಧನಸಹಾಯದಿಂದ ಮೋಗ್ಲಿಂಗರು 1848ರಿಂದ 1853ರವರೆಗೆ ‘ಬಿಬ್ಲಿಯೊಥಿಕಾ ಕರ್ನಾಟಿಕಾ’ ಎಂಬ ಗ್ರಂಥಮಾಲೆಯನ್ನು ಪ್ರಕಟಿಸಿದರು. ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಅಚ್ಚಾದವು. ಇವಾವುವೂ ಅವರ ಮತಕ್ಕೆ ಸೇರಿದವಲ್ಲ. ತಮ್ಮ ನಂಬಿಕೆಯನ್ನು ಅವರು ಬಿಡಲಿಲ್ಲ. ಪರರ ನಂಬಿಕೆಯ ಸಾಹಿತ್ಯ ಅಳಿಯಲೆಂದು ಸುಮ್ಮನಿರಲೂ ಇಲ್ಲ.

ಅನಂತರ ಕೊಡಗಿನಲ್ಲಿ ಸೇವೆ ಸಲ್ಲಿಸಿ, 1860ರಲ್ಲಿ ಸ್ವದೇಶಕ್ಕೆ ಮರಳಿದ ಮೋಗ್ಲಿಂಗರು 1881ರಲ್ಲಿ ಕಾಲವಾದರು.

ಮಂಗಳೂರಿನಲ್ಲಿ ಬಾಸೆಲ್ ಮಿಶನ್ ಕಟ್ಟಿದ ಸಭೆಗಳು ಇಂದು ದಕ್ಷಿಣ ಭಾರತ ಸಭೆಯ ಕರ್ನಾಟಕ ದಕ್ಷಿಣ ಧರ್ಮಪ್ರಾಂತಕ್ಕೆ ಸೇರಿವೆ. ಮಿಶನ್ನಿನ ಪತ್ರಗಳು, ವರದಿಗಳು ಬಾಸೆಲಿನ ದಾಖಲೆಗಾರದಲ್ಲಿವೆ. ಹಳೆಯ ಗ್ರಂಥಗಳು ಮಂಗಳೂರಿನ ಬಲ್ಮಠದಲ್ಲಿಯೂ ಇವೆ. ಒಂದು ಸಭೆಯ ಚರಿತ್ರೆಯನ್ನು ಅರಸಿ ಆ ಕಡತಗಳನ್ನು ಬಿಚ್ಚುವವರಿಗೆ ಕನ್ನಡ ನುಡಿಯ ಚರಿತ್ರೆಯೂ ದೊರೆಯುತ್ತದೆ.