ಬಿಸಿಯ ಲೆಕ್ಕ ಬರೆದಿಟ್ಟ ಜೌಲ್

ಏಪ್ರಿಲ್ ಮುಗಿಯೋ ಹೊತ್ತಿಗೆ ಕಲಬುರಗಿಯಲ್ಲಿ 42 ಡಿಗ್ರಿ ಅಂದ್ರೆ ಅದು ಸುದ್ದಿಯೇ ಅಲ್ಲ. ಅಂಥ ಒಂದು ಮಧ್ಯಾಹ್ನ ಡೆಸ್ಕ್‌ಟಾಪ್ ಆನ್ ಮಾಡಿ, ದೊಡ್ಡದೊಂದು ಸಿಮ್ಯುಲೇಶನ್ ಓಡಿಸಲು ಬಿಟ್ಟು ನೋಡ್ರಿ. ಹತ್ತು ನಿಮಿಷದಲ್ಲಿ ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಸದ್ದು ಮಾಡುತ್ತದೆ. ಪ್ರೊಸೆಸರಿನ ತಾಪ 95 ಡಿಗ್ರಿ ಮುಟ್ಟುತ್ತದೆ. 4 ಗಿಗಾಹರ್ಟ್ಜ್‌ನಲ್ಲಿ ಓಡುತ್ತಿದ್ದದ್ದು ತಾನಾಗಿಯೇ 3ಕ್ಕೆ, ಆಮೇಲೆ ಇನ್ನೂ ಕೆಳಕ್ಕೆ ಇಳಿಯುತ್ತದೆ. ಇದಕ್ಕೆ ಥ್ರಾಟ್ಲಿಂಗ್ ಅಂತ ಹೆಸರು. ಬ್ಯಾಸಿಗಿ ಮಧ್ಯಾಹ್ನ ನಾವು ಮಾಡುವುದೂ ಬೇರೇನಲ್ಲ ಬಿಡಿ.

ಈ ಬಿಸಿ ಎಲ್ಲಿಂದ ಬರುತ್ತದೆ, ಎಷ್ಟು ಬರುತ್ತದೆ ಅಂತ ಮೊದಲು ಲೆಕ್ಕ ಹಾಕಿದವರು ಜೇಮ್ಸ್ ಪ್ರೆಸ್ಕಾಟ್ ಜೌಲ್. ನಮ್ಮ ಪುಸ್ತಕದಲ್ಲಿ ಜೌಲ್, ಕ್ಲಾಸಿನಲ್ಲಿ ಜೂಲ್. ಪಿಯುಸಿಯಿಂದ ಇಲ್ಲಿಯವರೆಗೆ ಪ್ರತಿ ಉತ್ತರದ ಕೊನೆಗೆ ಅವರ ಹೆಸರನ್ನು ಯೂನಿಟ್ ಆಗಿ ಬರೆದು ಮಾರ್ಕ್ಸ್ ತಗೊಂಡಿದ್ದೇವೆ. ಮನುಷ್ಯ ಯಾರು ಅಂತ ಕೇಳಿದರೆ ಮಾತ್ರ ನಮ್ಮಲ್ಲಿ ಬಹಳ ಮಂದಿ ಸುಮ್ಮನಾಗುತ್ತೇವೆ. ಹಾಗಾಗಿ ಈ ಸಲದ ಪರಿಚಯಕ್ಕೆ ಅವರೇ ಇರಲಿ ಅಂದುಕೊಂಡೆವು.

ಜೌಲ್ ಹುಟ್ಟಿದ್ದು 1818ರ ಡಿಸೆಂಬರ್ 24ರಂದು, ಇಂಗ್ಲೆಂಡಿನ ಮ್ಯಾಂಚೆಸ್ಟರ್ ಪಕ್ಕದ ಸಾಲ್ಫರ್ಡ್‌ನಲ್ಲಿ. ತಂದೆ ಬೆಂಜಮಿನ್ ಜೌಲ್ ಬಿಯರ್ ತಯಾರಿಸುವ ಕಾರ್ಖಾನೆಯ ಮಾಲೀಕ, ದುಡ್ಡಿಗೆ ಕೊರತೆಯಿಲ್ಲದ ಮನೆ. ಹುಡುಗನಿಗೆ ಮಾತ್ರ ಬೆನ್ನುಮೂಳೆಯ ತೊಂದರೆ, ಜೊತೆಗೆ ವಿಪರೀತ ನಾಚಿಕೆ ಸ್ವಭಾವ. ಶಾಲೆಗೆ ಕಳಿಸದೆ ಮನೆಯಲ್ಲೇ ಪಾಠ ಹೇಳಿಸಿದರು. ಹದಿನೈದು ಹದಿನಾರರ ವಯಸ್ಸಿನಲ್ಲಿ ಅಣ್ಣನ ಜೊತೆ ಅವನನ್ನು ಜಾನ್ ಡಾಲ್ಟನ್ ಹತ್ತಿರ ಕಳಿಸಿದರು. ಹೌದು, ಪರಮಾಣು ಸಿದ್ಧಾಂತದ ಅದೇ ಡಾಲ್ಟನ್. ಅಷ್ಟು ದೊಡ್ಡ ಮನುಷ್ಯ ಹೊಟ್ಟೆಪಾಡಿಗೆ ಮನೆಪಾಠ ಹೇಳುತ್ತಿದ್ದರು, ಅದೂ ಅಂಕಗಣಿತ ಮತ್ತು ರೇಖಾಗಣಿತ. ಕೆಮಿಸ್ಟ್ರಿ ಶುರುವಾಗುವ ಹೊತ್ತಿಗೆ, 1837ರಲ್ಲಿ, ಡಾಲ್ಟನ್ನರಿಗೆ ಪಾರ್ಶ್ವವಾಯು ಹೊಡೆದು ಪಾಠ ನಿಂತಿತು. ಜೌಲ್ ಮುಂದೆ ಯಾವ ಯೂನಿವರ್ಸಿಟಿಯ ಮೆಟ್ಟಿಲನ್ನೂ ವಿದ್ಯಾರ್ಥಿಯಾಗಿ ಹತ್ತಲಿಲ್ಲ. ಹಗಲು ಕಾರ್ಖಾನೆಯ ಕೆಲಸ, ಬೆಳಗಿನ ಜಾವ ಮತ್ತು ಸಂಜೆ ಮನೆಯ ಕೋಣೆಯಲ್ಲಿ ಪ್ರಯೋಗ. ಅಣ್ಣತಮ್ಮ ಇಬ್ಬರೂ ಸೇರಿ ಗೆಳೆಯರಿಗೂ ಮನೆಯ ಆಳುಗಳಿಗೂ ಕರೆಂಟ್ ಶಾಕ್ ಕೊಟ್ಟು ಮಜಾ ತಗೊಳ್ಳುತ್ತಿದ್ದರಂತೆ. ವಿಜ್ಞಾನಿಗಳ ಬಾಲ್ಯ ಹೀಗೇ ಇರಬೇಕು ಅಂತ ನಾವೇನೂ ಶಿಫಾರಸು ಮಾಡುವುದಿಲ್ಲ.

ಆಗಿನ್ನೂ ವಿದ್ಯುತ್ ಮೋಟರ್ ಹೊಸ ಆಟಿಕೆ. ಕಾರ್ಖಾನೆಯ ಉಗಿಯಂತ್ರ ತೆಗೆದು ಮೋಟರ್ ಕೂರಿಸಿದರೆ ಖರ್ಚು ಉಳಿದೀತೇ ಅನ್ನುವುದು ಇಪ್ಪತ್ತರ ಜೌಲ್‌ಗೆ ಬಂದ ಪ್ರಶ್ನೆ. ನೋಡ್ರಿ, ಶುದ್ಧ ವ್ಯಾಪಾರಿಯ ಪ್ರಶ್ನೆ ಇದು. ಮೋಟರ್ ಕಟ್ಟಿದರು, ಸುರುಳಿ ಬದಲಿಸಿದರು, ಕಬ್ಬಿಣ ಬದಲಿಸಿದರು, ಇನ್ನಷ್ಟು ವೇಗ, ಇನ್ನಷ್ಟು ಬಲ ಅಂತ ಹಿಂಡಿದರು. ಇವತ್ತು ನಾವು ಬಯಾಸ್ ಒಳಗೆ ಕೂತು ಮಾಡುವ ಕೆಲಸದ ಅಜ್ಜ ಅಂದರೆ ಇದೇ. ಕೊನೆಗೆ ಸಿಕ್ಕ ಲೆಕ್ಕ ಆಸೆಗೆ ನೀರು ಎರಚಿತು. ಬ್ಯಾಟರಿಯಲ್ಲಿ ಒಂದು ಪೌಂಡ್ ಸತು ಸವೆದು ಮಾಡುವ ಕೆಲಸಕ್ಕಿಂತ, ಉಗಿಯಂತ್ರದಲ್ಲಿ ಒಂದು ಪೌಂಡ್ ಕಲ್ಲಿದ್ದಲು ಉರಿದು ಮಾಡುವ ಕೆಲಸ ಸುಮಾರು ಐದು ಪಟ್ಟು ಹೆಚ್ಚು. ಸತು ಕಲ್ಲಿದ್ದಲಿಗಿಂತ ಎಷ್ಟೋ ಪಾಲು ದುಬಾರಿ ಬೇರೆ. ಮೋಟರ್ ಆಸೆ ಅಲ್ಲಿಗೆ ಮುಗಿಯಿತು. ಆದರೆ ಕೊಟ್ಟ ಶಕ್ತಿಯಲ್ಲಿ ಒಂದು ಪಾಲು ತಂತಿ ಬಿಸಿ ಮಾಡುವುದಕ್ಕೇ ಹೋಗುತ್ತಿದೆಯಲ್ಲ, ಅದು ಎಷ್ಟು? ಈ ಪ್ರಶ್ನೆ ಬಿಡಲಿಲ್ಲ.

ಗಾಜಿನ ನಳಿಗೆಗೆ ತಂತಿ ಸುತ್ತಿ, ನೀರಿನ ಪಾತ್ರೆಯಲ್ಲಿ ಮುಳುಗಿಸಿ, ಕರೆಂಟ್ ಹರಿಸಿ, ಥರ್ಮಾಮೀಟರ್ ನೋಡುತ್ತ ಕೂತರು. ಕರೆಂಟ್ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು. ಮೂರು ಪಟ್ಟಾದರೆ ಒಂಬತ್ತು. ರೋಧ ಹೆಚ್ಚಿದಷ್ಟೇ ಪ್ರಮಾಣದಲ್ಲಿ ಬಿಸಿಯೂ ಹೆಚ್ಚು. 1840ರ ಡಿಸೆಂಬರಿನಲ್ಲಿ ಇದನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ಕಳಿಸಿದರು. ಅವರು ಸಾರಾಂಶ ಮಾತ್ರ ಅಚ್ಚು ಹಾಕಿದರು. ಪೂರ್ತಿ ಲೇಖನ 1841ರಲ್ಲಿ ಫಿಲಸಾಫಿಕಲ್ ಮ್ಯಾಗಜೀನ್‌ನಲ್ಲಿ ಬಂತು. ಆಗ ಜೌಲ್‌ಗೆ 22 ವರ್ಷ, ಹೆಚ್ಚುಕಡಿಮೆ ನಮ್ಮ ಫೈನಲ್ ಇಯರ್ ವಯಸ್ಸು.

ಆ ವರ್ಗದ ನಿಯಮ ಪ್ರೊಸೆಸರಿನಲ್ಲಿ ಹೇಗೆ ಕೂತಿದೆ ಅಂತ ಇಲ್ಲೇ ಹೇಳಿಬಿಡೋಣ. ಚಿಪ್ಪಿನೊಳಗೆ ಕೋಟಿಗಟ್ಟಲೆ ಸ್ವಿಚ್ಚುಗಳು ಕ್ಷಣಕ್ಷಣಕ್ಕೂ ತುಂಬಿ ಖಾಲಿಯಾಗುತ್ತವೆ. ತುಂಬುವಾಗಲೂ ಖಾಲಿಯಾಗುವಾಗಲೂ ಕರೆಂಟ್ ರೋಧದ ಮೂಲಕವೇ ಹಾಯಬೇಕು, ಹಾಯ್ದಾಗ ಬಿಸಿ. ಈ ಬಿಸಿ ವೋಲ್ಟೇಜಿನ ವರ್ಗಕ್ಕೂ ಕ್ಲಾಕ್ ವೇಗಕ್ಕೂ ಅನುಗುಣ. ವೇಗವನ್ನು ನೂರಕ್ಕೆ ಹತ್ತು ಏರಿಸಲು ವೋಲ್ಟೇಜನ್ನೂ ನೂರಕ್ಕೆ ಹತ್ತು ಏರಿಸಬೇಕಾಯಿತು ಅನ್ನಿ. ಬಿಸಿ ನೂರಕ್ಕೆ 33 ಏರುತ್ತದೆ. ತಿರುಗಿಸಿ ನೋಡ್ರಿ: ವೇಗ ಹಾಗೇ ಇಟ್ಟು ವೋಲ್ಟೇಜ್ ಮಾತ್ರ ಹತ್ತು ಇಳಿಸಿದರೆ ಬಿಸಿ ನೂರಕ್ಕೆ 19 ಕಮ್ಮಿ. ಯೂಟ್ಯೂಬ್ ನೋಡಿ ಎಲ್ಲರೂ ವೋಲ್ಟೇಜ್ ಏರಿಸಲು ಓಡುತ್ತಾರೆ. ನಮ್ಮ ಊರಿನ ಬಿಸಿಲಿಗೆ ಇಳಿಸುವುದೇ ಜಾಣತನ ಅನ್ನುವುದು ನಮ್ಮ ಪಕ್ಷ.

ಇನ್ನೊಂದು ಲೆಕ್ಕ. ಪ್ರೊಸೆಸರ್ 125 ವ್ಯಾಟ್ ಅಂದರೆ ಸೆಕೆಂಡಿಗೆ 125 ಜೌಲ್. ಹನ್ನೆರಡೂವರೆ ಲೀಟರ್ ನೀರಿರುವ ಕೊಡವನ್ನು ಸೆಕೆಂಡಿಗೊಮ್ಮೆ ಒಂದು ಮೀಟರ್ ಎತ್ತುತ್ತಲೇ ಇದ್ದರೆ ಎಷ್ಟು ಕೆಲಸವೋ ಹೆಚ್ಚುಕಡಿಮೆ ಅಷ್ಟು. ಅದೆಲ್ಲ ಬೆರಳ ಉಗುರಿಗಿಂತ ಸ್ವಲ್ಪ ದೊಡ್ಡದಾದ ಸಿಲಿಕಾನ್ ತುಣುಕಿನಲ್ಲಿ ಬಿಸಿಯಾಗಿ ಹೊರಬರುತ್ತದೆ.

ಕೊಡ ಎತ್ತುವ ಕೆಲಸವನ್ನೂ ಬಿಸಿಯನ್ನೂ ಹೀಗೆ ಒಂದೇ ತಕ್ಕಡಿಗೆ ಹಾಕುತ್ತಿದ್ದೇವಲ್ಲ, ಅದು ಜೌಲ್ ಕಾಲಕ್ಕೆ ಹುಚ್ಚುಮಾತು. ಬಿಸಿ ಎಂಬುದು ಕ್ಯಾಲೋರಿಕ್ ಅನ್ನುವ ಒಂದು ದ್ರವ, ಅದನ್ನು ಹುಟ್ಟಿಸಲೂ ಆಗದು ನಾಶ ಮಾಡಲೂ ಆಗದು ಎಂದು ದೊಡ್ಡವರು ನಂಬಿದ್ದರು. ಜೌಲ್ 1843ರಲ್ಲಿ ಐರ್ಲೆಂಡಿನ ಕಾರ್ಕ್ ಊರಿನ ವಿಜ್ಞಾನ ಸಭೆಯಲ್ಲಿ, ಕೆಲಸವೇ ಬಿಸಿಯಾಗುತ್ತದೆ, ಇಂತಿಷ್ಟು ಕೆಲಸಕ್ಕೆ ಇಂತಿಷ್ಟೇ ಬಿಸಿ ಎಂದು ಅಂಕಿ ಸಮೇತ ಓದಿದರು. ಕೇಳಿದವರು ಸುಮ್ಮನೆ ಕೂತರು. ಜಗಳವಾದರೂ ಆಗಿದ್ದರೆ ಒಂದು ಲೆಕ್ಕ. 1844ರಲ್ಲಿ ಕಳಿಸಿದ ಇನ್ನೊಂದು ಲೇಖನವನ್ನು ರಾಯಲ್ ಸೊಸೈಟಿ ಹಿಂದಕ್ಕೆ ಕಳಿಸಿತು. ಡಿಗ್ರಿ ಇಲ್ಲ, ಹುದ್ದೆ ಇಲ್ಲ, ಬಿಯರ್ ಮಾಡುವವನ ಮಗ. ಅಲ್ಲದೆ ಅವರು ಹೇಳುತ್ತಿದ್ದದ್ದು ಒಂದು ಡಿಗ್ರಿಯ ಸಣ್ಣಸಣ್ಣ ಪಾಲುಗಳ ಮಾತು. ಇಷ್ಟು ಸೂಕ್ಷ್ಮ ವ್ಯತ್ಯಾಸ ಯಾರಾದರೂ ಅಳೆಯಲು ಸಾಧ್ಯವೇ ಅನ್ನುವ ಅನುಮಾನ ಬಂದದ್ದು ತಪ್ಪೂ ಅಲ್ಲ.

ಅಳೆಯಬಲ್ಲವರಾಗಿದ್ದರು ಅನ್ನುವುದೇ ಜೌಲ್ ವಿಶೇಷ. ಮ್ಯಾಂಚೆಸ್ಟರಿನ ಉಪಕರಣ ತಯಾರಕ ಜಾನ್ ಬೆಂಜಮಿನ್ ಡಾನ್ಸರ್ ಮಾಡಿಕೊಟ್ಟ ಥರ್ಮಾಮೀಟರಿನಲ್ಲಿ ಫ್ಯಾರನ್‌ಹೀಟ್ ಡಿಗ್ರಿಯ ಇನ್ನೂರನೇ ಒಂದು ಪಾಲನ್ನು ಕಣ್ಣಲ್ಲೇ ಓದುತ್ತಿದ್ದರು. ಬಿಯರ್ ಹದಕ್ಕೆ ಬರಬೇಕಾದರೆ ತಾಪ ತಪ್ಪಬಾರದು. ಕಾರ್ಖಾನೆಯಲ್ಲಿ ಬೆಳೆದ ಕಣ್ಣು ಅದು. 1850ರಲ್ಲಿ ಪ್ರಕಟವಾದ ಹೆಸರಾಂತ ಪ್ರಯೋಗ ಹೀಗಿತ್ತು: ತಾಮ್ರದ ಪಾತ್ರೆಯಲ್ಲಿ ನೀರು, ಅದರೊಳಗೆ ಕಡೆಗೋಲಿನಂಥ ಹಿತ್ತಾಳೆಯ ರೆಕ್ಕೆಗಳು. ಹಗ್ಗಕ್ಕೆ ಕಟ್ಟಿದ 29 ಪೌಂಡಿನ ಎರಡು ಸೀಸದ ಗುಂಡುಗಳು ಐದು ಅಡಿ ಚಿಲ್ಲರೆ ಕೆಳಗಿಳಿಯುತ್ತ ಆ ರೆಕ್ಕೆ ತಿರುಗಿಸಬೇಕು. ಇಪ್ಪತ್ತು ಸಲ ಇಳಿಸಿ ಏರಿಸಿದ ಮೇಲೆ ನೀರಿನ ತಾಪ ಏರುತ್ತಿದ್ದದ್ದು ಸುಮಾರು ಅರ್ಧ ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ 0.3 ಡಿಗ್ರಿ. ಪ್ರಯೋಗ ಮಾಡುವವರ ಮೈ ಶಾಖ ಪಾತ್ರೆಗೆ ತಾಗಬಾರದು ಅಂತ ನಡುವೆ ಮರದ ಪರದೆ ನಿಲ್ಲಿಸಿದ್ದರು. ಒಂದು ಪೌಂಡ್ ನೀರನ್ನು ಒಂದು ಫ್ಯಾರನ್‌ಹೀಟ್ ಏರಿಸಲು 772 ಅಡಿ-ಪೌಂಡ್ ಕೆಲಸ ಬೇಕು ಎಂದು ಅವರು ತೀರ್ಮಾನಿಸಿದರು. ಇವತ್ತಿನ ಅಂಕಿ 778. ನೂರಕ್ಕೆ ಒಂದರಷ್ಟೂ ವ್ಯತ್ಯಾಸವಿಲ್ಲ! ನಮ್ಮ ಲ್ಯಾಬಿನ ರೆಕಾರ್ಡಿನಲ್ಲಿ ಇಷ್ಟು ಹತ್ತಿರದ ಉತ್ತರ ಬಂದರೆ ಪಕ್ಕದವರದ್ದು ನೋಡಿ ಬರೆದದ್ದು ಅಂತಲೇ ಅರ್ಥ.

ಇದರ ನಡುವೆ 1847. ಏಪ್ರಿಲ್‌ನಲ್ಲಿ ಮ್ಯಾಂಚೆಸ್ಟರಿನ ಒಂದು ಚರ್ಚಿನ ವಾಚನಾಲಯದಲ್ಲಿ ಜೌಲ್ ಇದೆಲ್ಲವನ್ನೂ ಜನರಿಗೆ ತಿಳಿಯುವ ಹಾಗೆ ಹೇಳಿದರು. ಅದು ಪೂರ್ತಿಯಾಗಿ ಅಚ್ಚಾದದ್ದು ಊರಿನ ಪತ್ರಿಕೆ ಮ್ಯಾಂಚೆಸ್ಟರ್ ಕೊರಿಯರ್‌ನಲ್ಲಿ, ಅಣ್ಣ ಅಲ್ಲಿ ಸಂಗೀತದ ಬಗ್ಗೆ ಬರೆಯುತ್ತಿದ್ದದ್ದರಿಂದ. ಜೂನ್‌ನಲ್ಲಿ ಆಕ್ಸ್‌ಫರ್ಡ್ ಸಭೆ. ಹೊತ್ತಿಲ್ಲ, ಚಿಕ್ಕದಾಗಿ ಮುಗಿಸಿ ಎಂದು ಅಧ್ಯಕ್ಷರು ಸೂಚಿಸಿದರು. ಈ ಸಲವೂ ಹಾಗೇ ಮುಗಿಯುತ್ತಿತ್ತೇನೋ. ಆದರೆ 23ರ ಹರೆಯದ ಪ್ರೊಫೆಸರ್ ವಿಲಿಯಂ ಥಾಮ್ಸನ್ ಅಲ್ಲಿ ಕೂತಿದ್ದರು, ಮುಂದೆ ಲಾರ್ಡ್ ಕೆಲ್ವಿನ್ ಆದವರು. ಜೌಲ್ ತಪ್ಪು ಎಂದೇ ಮೊದಲು ಅನಿಸಿದರೂ ಆ ವಾದ ಅವರ ತಲೆಯಿಂದ ಹೋಗಲಿಲ್ಲ.

ಅದೇ ಆಗಸ್ಟಿನಲ್ಲಿ ಅಮೀಲಿಯಾ ಗ್ರೈಮ್ಸ್ ಜೊತೆ ಜೌಲ್ ಮದುವೆ. ಮಧುಚಂದ್ರಕ್ಕೆ ಆಲ್ಪ್ಸ್ ಕಡೆ ಹೋದಾಗ ದಾರಿಯಲ್ಲಿ ಥಾಮ್ಸನ್ ಎದುರಾದರು. ಜೌಲ್ ಕೈಯಲ್ಲಿ ಉದ್ದನೆಯ ಥರ್ಮಾಮೀಟರ್ ಇತ್ತು, ಜಲಪಾತದ ಮೇಲೂ ಕೆಳಗೂ ನೀರಿನ ತಾಪ ಅಳೆಯುವುದಿತ್ತು ಎಂದು ಥಾಮ್ಸನ್ ಮುಂದೆ ನೆನೆದಿದ್ದಾರೆ. ಸ್ವಲ್ಪ ಉಪ್ಪುಖಾರ ಸೇರಿದ ಕತೆ ಎಂದು ಇತಿಹಾಸಕಾರರ ಗುಮಾನಿ. ಆದರೆ ಲೆಕ್ಕ ಸರಿ. ನಮ್ಮ ಜೋಗದ 253 ಮೀಟರ್ ಬಿದ್ದ ನೀರು, ಗಾಳಿಯಲ್ಲಿ ಆರದಿದ್ದರೆ, ಸುಮಾರು 0.6 ಡಿಗ್ರಿ ಬಿಸಿಯಾಗಬೇಕು. ಚಿಂಚೋಳಿಯ ಎತ್ತಿಪೋತದಲ್ಲಿ ಇದನ್ನು ಅಳೆಯಲು ಹೋಗಬೇಡಿ, ಥರ್ಮಾಮೀಟರ್ ಅಲುಗುವುದಿಲ್ಲ.

ಥಾಮ್ಸನ್ ಜೊತೆಗಿನ ಗೆಳೆತನದಿಂದ ಹುಟ್ಟಿದ್ದೇ ತಂಪಿನ ಅಧ್ಯಾಯ. 1852ರಿಂದ ಹತ್ತು ವರ್ಷ ಇಬ್ಬರೂ ಗಾಳಿಯನ್ನು ಒತ್ತಡದಲ್ಲಿ ಸಣ್ಣ ರಂಧ್ರಗಳ ಬಿರಡೆಯ ಮೂಲಕ ಹಾಯಿಸಿ ತಾಪ ನೋಡಿದರು. ಆ ಕಡೆ ಹೊರಬಂದ ಗಾಳಿ ತುಸು ತಣ್ಣಗಿತ್ತು. ಜೌಲ್-ಥಾಮ್ಸನ್ ಪರಿಣಾಮ ಎಂದು ನಾವು ಓದುವುದು ಇದನ್ನೇ. 1895ರಲ್ಲಿ ಜರ್ಮನಿಯ ಕಾರ್ಲ್ ಫಾನ್ ಲಿಂಡೆ ಇದನ್ನೇ ಮತ್ತೆಮತ್ತೆ ಮಾಡಿಸಿ ಗಾಳಿಯನ್ನು ದೊಡ್ಡ ಪ್ರಮಾಣದಲ್ಲಿ ದ್ರವ ಮಾಡಿದರು. ಕಮಲಾಪುರದಂಥ ಊರುಗಳ ಪಶು ಆಸ್ಪತ್ರೆಗಳಲ್ಲಿ, ದನಗಳ ಕೃತಕ ಗರ್ಭಧಾರಣೆಗೆ ವೀರ್ಯದ ಕಡ್ಡಿ ಇಟ್ಟ ಕ್ಯಾನಿನ ಮುಚ್ಚಳ ತೆಗೆದಾಗ ಬೆಳ್ಳಗೆ ಹೊಗೆಯಾಡುತ್ತದಲ್ಲ, ಅದು ಮೈನಸ್ 196 ಡಿಗ್ರಿಯ ದ್ರವ ಸಾರಜನಕ. ಓವರ್‌ಕ್ಲಾಕಿಂಗ್ ಸ್ಪರ್ಧೆಗಳಲ್ಲಿ ಪ್ರೊಸೆಸರಿನ ತಲೆಯ ಮೇಲೆ ಸುರಿಯುವುದೂ ಅದನ್ನೇ. 2022ರಲ್ಲಿ ದ್ರವ ಹೀಲಿಯಂ ಸುರಿದು 9 ಗಿಗಾಹರ್ಟ್ಜ್ ದಾಟಿಸಿದರು, ಕೆಲವೇ ಕ್ಷಣದ ಮಟ್ಟಿಗೆ.

ನಮಗೆ ಆ ಭಾಗ್ಯವಿಲ್ಲ. ನಮ್ಮಲ್ಲಿ ಇಬ್ಬರು ಕಮಲಾಪುರದಿಂದ ದಿನಾ ಬಸ್ಸಿನಲ್ಲಿ ಬರುವವರು. ಅಲ್ಲಿನ ಒಂದು ಆನ್‌ಲೈನ್ ಸೆಂಟರಿನ ಕಂಪ್ಯೂಟರ್, ಪತ್ರಾಸಿನ ಶೀಟಿನ ಕೆಳಗೆ, ಅರ್ಜಿ ಹಾಕಲು ಕಡೇ ದಿನ ಬಂತೆಂದರೆ ಮಧ್ಯಾಹ್ನ ತೆವಳುತ್ತಿತ್ತು. ಹೊರಗೆ ಆದಾಯ ಪ್ರಮಾಣಪತ್ರ ಹಿಡಿದು ಸಾಲು. ಬಿಚ್ಚಿ ನೋಡಿದರೆ ಹೀಟ್‌ಸಿಂಕಿನ ಸಂದಿಯಲ್ಲಿ ಕಂಬಳಿಯ ಹಾಗೆ ಧೂಳು, ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಪುಡಿ. ಚಿಪ್ಪಿನ ಮುಚ್ಚಳಕ್ಕೂ ಹೀಟ್‌ಸಿಂಕಿಗೂ ನಡುವಿನ ಕಣ್ಣಿಗೆ ಕಾಣದ ಸಂದಿಗಳಲ್ಲಿ ಗಾಳಿ ಕೂತರೆ ಬಿಸಿ ದಾಟುವುದಿಲ್ಲ, ಪೇಸ್ಟ್ ಬೇಕಾಗುವುದು ಅದಕ್ಕೇ. ಧೂಳು ಊದಿ, ಕಡಲೆಕಾಳಿನಷ್ಟು ಹೊಸ ಪೇಸ್ಟ್ ಹಾಕಿ, ಫ್ಯಾನು ಗಾಳಿ ಎಳೆಯುವ ದಿಕ್ಕು ಸರಿಮಾಡಿ, ಬಯಾಸಿನಲ್ಲಿ ವೋಲ್ಟೇಜ್ ಹೆಜ್ಜೆಹೆಜ್ಜೆಯಾಗಿ ಇಳಿಸಿ, ಪ್ರತಿ ಹೆಜ್ಜೆಗೂ ಅರ್ಧ ತಾಸು ಲೋಡ್ ಕೊಟ್ಟು ನೋಡಿದೆವು. ಎಲ್ಲ ಬೋರ್ಡುಗಳೂ ವೋಲ್ಟೇಜ್ ಇಳಿಸಲು ಬಿಡುವುದಿಲ್ಲ, ಇದು ಬಿಟ್ಟಿತು. ನೂರರ ಹತ್ತಿರ ಇದ್ದ ತಾಪ ಎಂಬತ್ತರ ಆಚೀಚೆಗೆ ಬಂತು. ಕೋಣೆಯ ಬಿಸಿಗೆ ಮಾತ್ರ ನಮ್ಮ ಹತ್ತಿರ ಮದ್ದಿಲ್ಲ. ಹೀಟ್‌ಸಿಂಕ್ ಚಿಪ್ಪನ್ನು ಕೋಣೆಗಿಂತ 50 ಡಿಗ್ರಿ ಮೇಲೆ ಹಿಡಿದಿಡುತ್ತದೆ ಅನ್ನಿ. ಎಸಿ ಕೋಣೆಯ 24ರಲ್ಲಿ ಅದು 74, ನಮ್ಮ 42ರಲ್ಲಿ 92.

ಜೌಲ್ ಕತೆಗೆ ಬರೋಣ. 1850ರಲ್ಲಿ ರಾಯಲ್ ಸೊಸೈಟಿ ಅವರನ್ನು ಸದಸ್ಯರನ್ನಾಗಿ ಮಾಡಿಕೊಂಡಿತು. ಲೇಖನ ಹಿಂದಕ್ಕೆ ಕಳಿಸಿದ ಅದೇ ಸೊಸೈಟಿ. 1852ರಲ್ಲಿ ರಾಯಲ್ ಪದಕ, 1870ರಲ್ಲಿ ಕಾಪ್ಲಿ ಪದಕ. ಮನೆಯ ಕಡೆ ಹೀಗಿರಲಿಲ್ಲ. 1854ರಲ್ಲಿ ಹುಟ್ಟಿದ ಮಗು ಉಳಿಯಲಿಲ್ಲ, ಅಮೀಲಿಯಾ ಕೂಡ ಅದೇ ವರ್ಷ ತೀರಿಕೊಂಡರು. ಮದುವೆಯಾಗಿ ಏಳು ವರ್ಷ ಅಷ್ಟೇ. ಎರಡು ಚಿಕ್ಕ ಮಕ್ಕಳು ಉಳಿದವು. ಜೌಲ್ ಮತ್ತೆ ಮದುವೆಯಾಗಲಿಲ್ಲ. ಕಾರ್ಖಾನೆಯೂ ಅದೇ ಸುಮಾರಿಗೆ ಮಾರಾಟವಾಯಿತು. ಬಿಸಿಯೂ ಕೆಲಸವೂ ಒಂದೇ ಎಂದು ಮೊದಲು ಹೇಳಿದವರು ಜರ್ಮನಿಯ ಡಾಕ್ಟರ್ ಮೇಯರ್, ಜೌಲ್ ಅಲ್ಲ ಎಂಬ ವಿವಾದವೂ ಎದ್ದಿತು. ಮೇಯರ್ 1842ರಲ್ಲೇ ಬರೆದದ್ದು ನಿಜ. ಆದರೆ ವರ್ಷಗಟ್ಟಲೆ ಅಳೆದು, ಅಳೆದದ್ದನ್ನೇ ಮತ್ತೆ ಅಳೆದು ಜಗತ್ತಿನ ಬಾಯಿ ಮುಚ್ಚಿಸಿದವರು ಜೌಲ್ ಎಂದು ನಮಗನ್ನಿಸುತ್ತದೆ.

ದುಡ್ಡು ಕರಗುತ್ತ ಬಂದು, 1878ರಲ್ಲಿ ಸರ್ಕಾರ ವರ್ಷಕ್ಕೆ 200 ಪೌಂಡ್ ಪಿಂಚಣಿ ಕೊಟ್ಟಿತು. ಅದೇ ವರ್ಷ, ಅರವತ್ತರ ಹೊಸ್ತಿಲಲ್ಲಿ, ರೆಕ್ಕೆಯ ಪ್ರಯೋಗವನ್ನು ಇನ್ನೊಮ್ಮೆ ಮಾಡಿದ್ದರ ಫಲಿತಾಂಶ ಪ್ರಕಟಿಸಿದರು: 772.55. 1889ರಲ್ಲಿ ಪ್ಯಾರಿಸಿನಲ್ಲಿ ಸೇರಿದ ಅಂತರರಾಷ್ಟ್ರೀಯ ವಿದ್ಯುತ್ ಸಮ್ಮೇಳನ ಶಕ್ತಿಯ ಯೂನಿಟ್ಟಿಗೆ ಜೌಲ್ ಎಂಬ ಹೆಸರನ್ನು ಒಪ್ಪಿತು. ಅದೇ ವರ್ಷ ಅಕ್ಟೋಬರ್ 11ರಂದು ಮ್ಯಾಂಚೆಸ್ಟರ್ ಹತ್ತಿರದ ಸೇಲ್ ಊರಿನ ಮನೆಯಲ್ಲಿ ಅವರು ತೀರಿಕೊಂಡರು. ಬ್ರೂಕ್‌ಲ್ಯಾಂಡ್ಸ್ ಸ್ಮಶಾನದ ಅವರ ಸಮಾಧಿ ಕಲ್ಲಿನ ನೆತ್ತಿಯಲ್ಲಿ 772.55 ಎಂದು ಕೆತ್ತಿದ್ದಾರೆ. ಮ್ಯಾಂಚೆಸ್ಟರ್ ಟೌನ್‌ಹಾಲ್ ಬಾಗಿಲಲ್ಲಿ ಅವರದ್ದೊಂದು ಪ್ರತಿಮೆ ಇದೆ, ಎದುರಿಗೇ ಮನೆಪಾಠದ ಮೇಷ್ಟ್ರು ಡಾಲ್ಟನ್ ಕೂತಿದ್ದಾರೆ.